ವೈನ್ ಸೆಲ್ಲರ್: ಆವಿ ತಡೆಯುವ ಹಾಳೆ ಯಾವ ಮಗ್ಗುಲಿಗೆ?

ಮನೆಯಲ್ಲೊಂದು ವೈನ್ ಸೆಲ್ಲರ್ (ವೈನ್ ಬಾಟಲಿಗಳನ್ನು ತಂಪಾಗಿ ಕಾಪಿಡುವ ಕೋಣೆ) ಮಾಡಿಸಬೇಕೆಂದು ಬೆಂಗಳೂರಿನ ನಮ್ಮ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ತೇಗದ ರ‍್ಯಾಕುಗಳ, ಗಾಜಿನ ಬಾಗಿಲುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದಿರುತ್ತಾರೆ. ಗೋಡೆಯೊಳಗೆ ಏನಿರಬೇಕೆಂದು ಕೇಳುವವರು ಅಪರೂಪ. ಎಷ್ಟು ಸಲ ಹೇಳಿದರೂ ಅವರ ಮನಸ್ಸಿಗೆ ಇಳಿಯದ ಸಂಗತಿಯೆಂದರೆ ಆವಿ ತಡೆಯುವ ಪದರ.

ಸೆಲ್ಲರಿನೊಳಗೆ ನಮಗೆ ಬೇಕಾದದ್ದು ಸುಮಾರು 13 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 60ರಿಂದ 70ರಷ್ಟು ಆರ್ದ್ರತೆ. ಮಳೆಗಾಲದಲ್ಲಿ ಹೊರಗಿನ ಗಾಳಿ 27 ಡಿಗ್ರಿ ಬೆಚ್ಚಗಿದ್ದು, ಅದರ ಆರ್ದ್ರತೆ ಶೇಕಡಾ 75 ಇದ್ದರೆ, 22 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ಅದರ ತೇವ ನೀರಾಗುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ಚೊಂಬು ಬೆವರುವುದೂ ಇದೇ ಕಾರಣಕ್ಕೆ. ಆದರೆ ಸೆಲ್ಲರಿನಲ್ಲಿ ಆ ಬೆವರು ಗೋಡೆಯ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದೆ ಕೂಡಿಕೊಳ್ಳುತ್ತದೆ. ಇಟ್ಟಿಗೆಯಾಗಲಿ ಗಾರೆಯಾಗಲಿ ಆವಿಯನ್ನು ಸಾಕಷ್ಟು ತಡೆಯಲಾರವು. ಆದ್ದರಿಂದ ಆವಿ ತಡೆಯುವ ಪಾಲಿಥಿನ್ ಹಾಳೆಯು ಉಷ್ಣನಿರೋಧಕದ, ಅಂದರೆ ಹೊರಗಿನ ಶಾಖವನ್ನು ತಡೆಯಲು ಗೋಡೆಗೆ ತುಂಬುವ ಪದರದ, ಬೆಚ್ಚಗಿನ ಮಗ್ಗುಲಿಗೆ, ಅಂದರೆ ಕೋಣೆಯಿಂದ ಹೊರಗಿನ ಕಡೆಗೆ ಇರಲೇಬೇಕು. ಒಳಮಗ್ಗುಲಿಗೆ ಹಾಕಿದರೆ, ನಿರೋಧಕವನ್ನು ದಾಟಿ ಬಂದ ಆವಿಯು ತಣ್ಣನೆಯ ಹಾಳೆಯ ಬೆನ್ನಿಗೆ ನೀರಾಗಿ ನಿಂತು, ನಿರೋಧಕವನ್ನೇ ನೆನೆಸಿಬಿಡುತ್ತದೆ. ಚಳಿ ದೇಶಗಳ ವಾಸದ ಮನೆಗಳಲ್ಲಿ ಒಳಗೇ ಬೆಚ್ಚಗಿರುವುದರಿಂದ ಹಾಳೆಯನ್ನು ಒಳಗೆ ಹಾಕುವುದು ಸರಿ. ನಮ್ಮ ಗುತ್ತಿಗೆದಾರರು ಆ ನಕ್ಷೆಗಳನ್ನೇ ನೋಡಿ ಕೆಲಸ ಮಾಡುತ್ತಾರೆ. ನಾಲ್ಕು ಗೋಡೆಗಳಿಗೆ ಹಾಕಿ ಸೂರನ್ನೂ ನೆಲವನ್ನೂ ಬಿಟ್ಟರೆ, ಅಥವಾ ದೀಪಕ್ಕೆಂದು ಹಾಳೆಗೆ ತೂತು ಕೊರೆದು ಮುಚ್ಚದೆ ಬಿಟ್ಟರೆ, ಪಟ್ಟ ಶ್ರಮವೆಲ್ಲ ವ್ಯರ್ಥ.

ನಿವೃತ್ತ ಎಂಜಿನಿಯರರೊಬ್ಬರು ಮೊಮ್ಮಗಳು ಹುಟ್ಟಿದ ವರ್ಷದ ಬೋರ್ಡೋ (ಫ್ರಾನ್ಸಿನ ಹೆಸರಾಂತ ವೈನ್) ಬಾಟಲಿಗಳನ್ನು ಅವಳ ಮದುವೆಗೆ ತೆರೆಯಲೆಂದು ಕಾಪಿಟ್ಟಿದ್ದರು. ಬೇರೆಯವರು ಕಟ್ಟಿಕೊಟ್ಟಿದ್ದ ಅವರ ಸೆಲ್ಲರಿನಲ್ಲಿ ಮುಗ್ಗಲು ವಾಸನೆ ಹುಟ್ಟಿದಾಗ ನನ್ನನ್ನು ಕರೆಸಿದರು. ಹಲಗೆ ಕಳಚಿದರೆ ಗಾಜಿನ ಉಣ್ಣೆ ನೀರು ಕುಡಿದು ಜೋತುಬಿದ್ದಿತ್ತು, ಪ್ಲೈವುಡ್ಡಿನ ಬೆನ್ನೆಲ್ಲ ಕಪ್ಪು ಬೂಷ್ಟು. ಅಷ್ಟು ಹೊತ್ತೂ ಆ ಹಿರಿಯರು ಕೇಳಿದ್ದು ಖರ್ಚಿನ ವಿಷಯವನ್ನಲ್ಲ, ಬಾಟಲಿಗಳಿಗೆ ಏನಾದರೂ ಆಗಿದೆಯೇ ಎಂದು ಮಾತ್ರ. ಲೇಬಲ್ಲುಗಳು ಕಲೆಗಟ್ಟಿದ್ದವು, ಆದರೆ ಕಾರ್ಕುಗಳು ಕೆಡದೆ ಗಟ್ಟಿಯಾಗಿಯೇ ಇದ್ದವು. ಎಲ್ಲವನ್ನೂ ಕಿತ್ತು, ಆವಿಯನ್ನೂ ಬಹುಮಟ್ಟಿಗೆ ತಡೆಯಬಲ್ಲ ಮುಚ್ಚುಕೋಶದ (ಒಳಗಿನ ಪುಟ್ಟ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ) ಪಾಲಿಯುರೆಥೇನ್ ಫೋಮನ್ನು ಸಿಂಪಡಿಸಿದೆವು. ಪ್ರತಿ ಮನೆಗೂ ಇದೇ ಪರಿಹಾರವೆಂದು ನಾನು ಹೇಳುತ್ತಿಲ್ಲ. ಗೋಡೆಯನ್ನು ನೋಡದೆ ಅದನ್ನು ನಿರ್ಧರಿಸಲಾಗದು.

ಸಾಮಾನ್ಯ ಸ್ಪ್ಲಿಟ್ ಏಸಿ ಸಾಕೆಂದು ವಾದಿಸುವವರೂ ಇದ್ದಾರೆ. ಅವುಗಳಲ್ಲಿ ಹೆಚ್ಚಿನವನ್ನು 16 ಡಿಗ್ರಿಗಿಂತ ಕೆಳಗೆ ಹೊಂದಿಸಲಾಗುವುದಿಲ್ಲ, ಜೊತೆಗೆ ಅವು ಗಾಳಿಯನ್ನು ಒಣಗಿಸುತ್ತವೆ. ಸೆಲ್ಲರಿಗೆಂದೇ ತಯಾರಾದ ಯಂತ್ರ ತಂದರೂ, ಅದು ಹೊರಹಾಕುವ ಶಾಖ ಗಾಳಿಯಾಡದ ಪಕ್ಕದ ಸ್ಟೋರಿಗೆ ಹೋಗುವಂತಿದ್ದರೆ ಪ್ರಯೋಜನವಿಲ್ಲ. ಮಹಡಿಯ ಮೇಲೆ ಮಾಡಿಸುವವರು ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು: ವಾಸದ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸಗೊಳಿಸಿರುತ್ತಾರೆ; ತುಂಬಿದ 500 ಬಾಟಲಿಗಳೇ 600 ಕಿಲೋ ದಾಟುತ್ತವೆ.

ನಂದಿ ಕಣಿವೆಯ ಅಥವಾ ನಾಸಿಕದ ವೈನುಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದಂಥವು. ಅವನ್ನಷ್ಟೇ ಕೊಳ್ಳುವವರಿಗೆ ಒಂದು ವೈನ್ ಫ್ರಿಜ್ ಸಾಕೆಂದು ಹೇಳಿ ಕಳಿಸುತ್ತೇನೆ. ಉಳಿದವರು ರ‍್ಯಾಕಿನ ಅಳತೆ ಕೊಡುವ ಮೊದಲು, ಮನೆಯಲ್ಲಿ ಎಷ್ಟು ವೈನ್ ಇಡಬಹುದೆಂಬ ಮಿತಿಯನ್ನು ಅಬಕಾರಿ ಇಲಾಖೆಯಲ್ಲಿ ಕೇಳಿ ತಿಳಿದುಕೊಂಡು ಬರಬೇಕು.