ಗಣಿತದ ಗೂಢ ಪದಬಂಧ ಬಿಡಿಸಲು ಎಷ್ಟು ಗಣಿತ ಗೊತ್ತಿರಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಕನ್ನಡ ಪತ್ರಿಕೆಯ ಪದಬಂಧವನ್ನು ಕಾಫಿ ಆರುವುದರೊಳಗೆ ತುಂಬಿಸುತ್ತೇನೆ. ಮೊನ್ನೆ ಇಂಗ್ಲಿಷ್ ಪತ್ರಿಕೆಯೊಂದರ ಗೂಢ ಪದಬಂಧದಲ್ಲಿ, ಅಂದರೆ ಕ್ರಿಪ್ಟಿಕ್ ಕ್ರಾಸ್‌ವರ್ಡ್‌ನಲ್ಲಿ ನಂಬರ್, ರೂಟ್, ಫಂಕ್ಷನ್ ಎಂದು ಎಲ್ಲಿ ನೋಡಿದರೂ ಗಣಿತವೇ ಕಂಡಿತು. ಇದು ನನ್ನ ಅಂಗಳ ಎಂದುಕೊಂಡು ಕುಳಿತೆ. ಒಂದು ಗಂಟೆಯಲ್ಲಿ ಸಿಕ್ಕಿದ್ದು ಮೂರು ಪದ. ಇದಕ್ಕೆ ಇನ್ನೆಷ್ಟು ಗಣಿತ ಬೇಕು? ಇಂಥದ್ದನ್ನು ಮಕ್ಕಳಿಗೆ ಕೊಡಬಹುದೇ?

ಉತ್ತರ: ಇನ್ನಷ್ಟು ಗಣಿತ ಬೇಡ. ಇರುವ ಗಣಿತವೇ ಅಂದು ನಿಮಗೆ ಅಡ್ಡ ಬಂದಿರಬೇಕು.

'ನಂಬರ್' ಪದವನ್ನೇ ನೋಡೋಣ. 'ನಂಬರ್ ಒನ್ಸ್ ಯೂಸ್ಡ್ ಬೈ ಸರ್ಜನ್ಸ್ (5)' ಎಂಬ ಸುಳಿವು ಬಂದರೆ (ಆವರಣದಲ್ಲಿರುವುದು ಉತ್ತರದ ಅಕ್ಷರಸಂಖ್ಯೆ) ಗಣಿತದ ಮೇಷ್ಟರ ಮನಸ್ಸು ಥ್ರೀ, ಸೆವೆನ್, ಎಯ್ಟ್ ಎಂದು ಐದಕ್ಷರದ ಸಂಖ್ಯೆಗಳ ಹಿಂದೆ ಓಡುತ್ತದೆ. ಸುಳಿವು ಕಟ್ಟಿದವನಿಗೆ ಬೇಕಾಗಿರುವುದೂ ಅದೇ. ಇಂಗ್ಲಿಷಿನಲ್ಲಿ 'ನಂಬ್' ಎಂದರೆ ಜೋಮು ಹಿಡಿದ ಎಂದರ್ಥ. ಅದಕ್ಕೆ ಕೊನೆಯಲ್ಲಿ ಇ, ಆರ್ ಸೇರಿಸಿದರೆ ಜೋಮು ಹಿಡಿಸುವಂಥದ್ದು ಎಂದಾಗುತ್ತದೆ, ಕಾಗದದ ಮೇಲೆ ಮಾತ್ರ ಅದು 'ನಂಬರ್' ಎಂದೇ ಕಾಣುತ್ತದೆ. ಶಸ್ತ್ರಚಿಕಿತ್ಸಕರು ಒಂದು ಕಾಲದಲ್ಲಿ ಬಳಸುತ್ತಿದ್ದ ಆ ವಸ್ತು ಈಥರ್. ಇಲ್ಲಿ ಲೆಕ್ಕಕ್ಕೆ ಕೆಲಸವೇ ಇಲ್ಲ.

ಇಂಥ ವೇಷಧಾರಿಗಳು ಬೇಕಾದಷ್ಟಿವೆ. 'ರೂಟ್' ಎಂದರೆ ಕ್ಯಾರೆಟ್ ಇರಬಹುದು, ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಕೂಡ ಇರಬಹುದು. 'ಮೀನ್' ಎಂದರೆ ಸರಾಸರಿಯೂ ಹೌದು, ಜಿಪುಣನೂ ಹೌದು. 'ಡಿಗ್ರಿ' ಕೋನವನ್ನು ಬಿಟ್ಟು ಬಿ.ಎ., ಎಂ.ಎ. ಆಗುತ್ತದೆ. ತಮಾಷೆಯೆಂದರೆ ಗಣಿತದ ಪೈ ಬರುವುದು 'ಗುಡ್' ಎಂಬ ಪದದ ಮೂಲಕ. ಅತಿ ಧರ್ಮನಿಷ್ಠ ಎಂಬರ್ಥದ 'ಪಯಸ್' ಪದವನ್ನು ಬ್ರಿಟಿಷರು ಆಡುಮಾತಿನಲ್ಲಿ ಪಿ, ಐ ಎಂದು ಮೊಟಕು ಮಾಡಿದ್ದರು, ಪದಬಂಧ ಅದನ್ನು ಇಂದಿಗೂ ಬಿಟ್ಟಿಲ್ಲ. ಕನ್ನಡಕ್ಕೇನೂ ಇದು ಹೊಸದಲ್ಲ. ನಮ್ಮ 'ಮೂಲ' ವರ್ಗಮೂಲದಲ್ಲಿದೆ, ನದಿಗೂ ಇದೆ, ನಕ್ಷತ್ರವಾಗಿಯೂ ಇದೆ, ವೈದ್ಯರ ಮುಂದೆ ಹೇಳಲು ನಾಚುವ ಮೂಲವೂ ಒಂದಿದೆ.

ಹಾಗಾದರೆ ಬಿಡಿಸುವುದು ಹೇಗೆ? ಇಲ್ಲಿ ನಿಮ್ಮ ಕಸುಬು ನಿಜವಾಗಿಯೂ ನೆರವಿಗೆ ಬರುತ್ತದೆ. ಪ್ರತಿ ಗೂಢ ಸುಳಿವೂ ಒಂದು ಸಮೀಕರಣ. ಒಂದು ಬದಿಯಲ್ಲಿ ಉತ್ತರದ ನೇರ ಅರ್ಥ, ಇನ್ನೊಂದು ಬದಿಯಲ್ಲಿ ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ವಿಧಾನ. ನಡುವಿನ ಸಮ ಚಿಹ್ನೆಯನ್ನು ಮಾತ್ರ ಅಳಿಸಿಟ್ಟಿರುತ್ತಾರೆ. ಆ ಚಿಹ್ನೆ ಎಲ್ಲಿತ್ತು ಎಂದು ಪತ್ತೆ ಮಾಡುವುದೇ ಮುಕ್ಕಾಲು ಕೆಲಸ. ನೇರ ಅರ್ಥ ಸುಳಿವಿನ ಆರಂಭದಲ್ಲಿರುತ್ತದೆ, ಇಲ್ಲವೇ ಕೊನೆಯಲ್ಲಿ. ನಡುವೆ ಇರುವುದಿಲ್ಲ.

ಕನ್ನಡದಲ್ಲೇ ಒಂದನ್ನು ಕಟ್ಟಿ ತೋರಿಸುತ್ತೇನೆ: 'ಗಣಿಯ ಬಳಿಕ ತಪ್ಪಿನ ಆರಂಭ, ಲೆಕ್ಕ (3)'. ಓದಿದ ಕೂಡಲೇ ಬಳ್ಳಾರಿ, ಲಾರಿ, ಕೆಂಪು ಧೂಳು ಎಲ್ಲ ಕಣ್ಣ ಮುಂದೆ ಬರುತ್ತವೆ. ಅವೆಲ್ಲ ಪರದೆ. ಅಲ್ಪವಿರಾಮದ ಬಳಿ ಗೆರೆ ಎಳೆದು ನೋಡಿ. 'ಗಣಿ' ಆದ ಮೇಲೆ 'ತಪ್ಪು' ಪದದ ಮೊದಲಕ್ಷರ 'ತ' ಬಂದರೆ 'ಗಣಿತ'. ಲೆಕ್ಕ ಅದರ ಅರ್ಥ. ಒಂದು ಅಕ್ಷರವೂ ಮಿಗಲಿಲ್ಲ, ಒಂದು ಪದವೂ ವ್ಯರ್ಥವಾಗಲಿಲ್ಲ.

ಕನ್ನಡದ ಪದಬಂಧದಲ್ಲಿ ಪಳಗಿದವರು ಇಂಗ್ಲಿಷಿನಲ್ಲಿ ಎಡವಲು ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ. ಒತ್ತು, ಗುಣಿತ ಎಲ್ಲ ಅದರೊಳಗೇ ಕುಳಿತಿರುತ್ತವೆ. 'ತ್ರಿಕೋನ' ಮೂರೇ ಮನೆ, ಅದನ್ನು ಎಷ್ಟು ಕಲಕಿದರೂ ಏನೂ ಹುಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಸ್ವರ ಬೇರೆ, ವ್ಯಂಜನ ಬೇರೆ ಬಿಡಿಬಿಡಿಯಾಗಿರುವುದರಿಂದ 'ಟ್ರಯಾಂಗಲ್' ಪದದ ಎಂಟು ಅಕ್ಷರ ಕಲಕಿದರೆ 'ಇಂಟೆಗ್ರಲ್' ಏಳುತ್ತದೆ. ಅಷ್ಟೇ ಅಲ್ಲ, ಬದಲಾಯಿಸುವುದು ಎಂಬರ್ಥದ 'ಆಲ್ಟರಿಂಗ್' ಕೂಡ ಅವೇ ಎಂಟು ಅಕ್ಷರಗಳಿಂದ ಆದದ್ದು! 'ಎಸೆನ್ಷಿಯಲ್, ಆಲ್ಟರಿಂಗ್ ಟ್ರಯಾಂಗಲ್ (8)' ಎಂಬ ಸುಳಿವಿನಲ್ಲಿ 'ಎಸೆನ್ಷಿಯಲ್' ಎಂಬುದು 'ಇಂಟೆಗ್ರಲ್' ಪದದ ನೇರ ಅರ್ಥ, 'ಆಲ್ಟರಿಂಗ್' ಕಲಕು ಎಂಬ ಆಜ್ಞೆ, 'ಟ್ರಯಾಂಗಲ್' ಕಲಕಬೇಕಾದ ಸಾಮಗ್ರಿ. ಒಡೆದದ್ದು, ಹುಚ್ಚಾದದ್ದು, ಕುಣಿದದ್ದು, ಕುಡಿದು ತೂರಾಡಿದ್ದು, ಹೀಗೆ ಅಸ್ತವ್ಯಸ್ತವನ್ನು ಸೂಚಿಸುವ ಯಾವ ಪದ ಕಂಡರೂ ಪಕ್ಕದ ಪದದ ಅಕ್ಷರಗಳನ್ನು ಎಣಿಸಿ ನೋಡಿ.

ಇನ್ನೊಂದು: 'ಕಂಪನಿ ಅಫೆನ್ಸ್, ಈಸ್ಟರ್ನ್ ಫಂಕ್ಷನ್ (6)'. ಈಸ್ಟ್ ಇಂಡಿಯಾ ಕಂಪನಿಯ ದೌರ್ಜನ್ಯದ ಚಿತ್ರ ಬಂದರೆ ಬರಲಿ, ನಂಬಬೇಡಿ. ಕಂಪನಿಗೆ ಸಿ, ಓ. ಅಪರಾಧಕ್ಕೆ ಎಸ್, ಐ, ಎನ್. ಪೂರ್ವಕ್ಕೆ ಇ. ಸೇರಿಸಿದರೆ 'ಕೊಸೈನ್'. 'ಫಂಕ್ಷನ್' ಎಂಬುದು ಇಲ್ಲಿ ಮದುವೆಯ ಸಮಾರಂಭವಲ್ಲ, ಅಪ್ಪಟ ಗಣಿತದ ಫಂಕ್ಷನ್. ಇದೂ ಒಂದು ಮೋಸವೇ. ಹತ್ತು ಸಲ ವೇಷ ಹಾಕಿ ಬಂದವನು ಹನ್ನೊಂದನೆಯ ಸಲ ಬರೀ ಮುಖದಲ್ಲಿ ಬಂದರೆ ನಾವೇ ಗುರುತಿಸುವುದಿಲ್ಲ.

ಸೈನ್ ಎಂಬ ಪದ ಹುಟ್ಟಿದ್ದೂ ಒಂದು ಪದಬಂಧದ ಎಡವಟ್ಟಿನಿಂದಲೇ. ಆರ್ಯಭಟ ಬಳಸಿದ್ದು 'ಜ್ಯಾ', ಬಿಲ್ಲಿನ ಹೆದೆ. ಅದರ ಇನ್ನೊಂದು ರೂಪ 'ಜೀವಾ' ಅರಬ್ಬಿಗೆ ಹೋಗಿ 'ಜೀಬ' ಆಯಿತು. ಅರಬ್ಬಿ ಬರವಣಿಗೆಯಲ್ಲಿ ಸ್ವರಗಳನ್ನು ಬಿಡುವುದು ರೂಢಿ. 12ನೆಯ ಶತಮಾನದ ಲ್ಯಾಟಿನ್ ಅನುವಾದಕರು ಆ ವ್ಯಂಜನಗಳಿಗೆ ಬೇರೆ ಸ್ವರ ತುಂಬಿ 'ಜೈಬ್' ಎಂದು ಓದಿಕೊಂಡರು. ಜೈಬ್ ಎಂದರೆ ಮಡಿಲು, ಅಂಗಿಯ ಮಡಿಕೆ. ಅದನ್ನು ಲ್ಯಾಟಿನ್ನಿನಲ್ಲಿ 'ಸೈನಸ್' ಎಂದರು, ಅಲ್ಲಿಂದ ಸೈನ್. ನಮ್ಮ ಅಂಗಿಯ ಜೇಬು ಕೂಡ ಅದೇ ಅರಬ್ಬಿ ಪದ. ತ್ರಿಕೋನಮಿತಿ ಪಾಠ ಮಾಡುವಾಗ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಳ್ಳುವವರು ಇದನ್ನು ಮಕ್ಕಳಿಗೆ ಹೇಳಬಹುದು.

ಸಂಖ್ಯೆಗಳು ರೋಮನ್ ಅಂಕಿಗಳಾಗಿ ಬರುವುದು ಹಳೆಯ ತಂತ್ರ. 'ಸಿಕ್ಸ್, ಸಿಕ್ಸ್, ದೆನ್ 500! ಬ್ರಿಲಿಯಂಟ್ (5)' ಎಂಬುದು ಕ್ರಿಕೆಟ್ ವರದಿಯಂತಿದೆ. ವಿ-ಐ, ವಿ-ಐ, ಡಿ ಎಂದು ಬರೆದುಕೊಂಡರೆ 'ವಿವಿಡ್'.

ಇಷ್ಟೆಲ್ಲ ಮೋಸ ಮಾಡಿಯೂ ಇದು ನ್ಯಾಯದ ಆಟವೇ ಎಂಬ ಅನುಮಾನ ನಿಮಗೆ ಬಂದಿರಬಹುದು. ಪೂರ್ತಿ ಗೂಢವಾದ ಪದಬಂಧಗಳನ್ನು ಲಂಡನ್ನಿನ 'ದಿ ಅಬ್ಸರ್ವರ್' ಪತ್ರಿಕೆಯಲ್ಲಿ 1926ರಿಂದ ಕಟ್ಟಿದವರು ಎಡ್ವರ್ಡ್ ಪೋವಿಸ್ ಮ್ಯಾಥರ್ಸ್. ಅವರು ಇಟ್ಟುಕೊಂಡಿದ್ದ ಹೆಸರು ಟಾರ್ಕ್ವೆಮಾಡ, ಸ್ಪೇನಿನ ಕ್ರೂರ ಧರ್ಮವಿಚಾರಣಾಧಿಕಾರಿಯದ್ದು. ಆಟಕ್ಕೆ ನಿಯಮ ತಂದವರು ಮಾತ್ರ ನಿಮ್ಮ ವೃತ್ತಿಯವರು. ಮ್ಯಾಥರ್ಸ್ ನಂತರ ಅದೇ ಪತ್ರಿಕೆಗೆ ಕ್ಸಿಮಿನೀಸ್ ಎಂಬ ಹೆಸರಿನಲ್ಲಿ ಬಂದ ಡಿ. ಎಸ್. ಮೆಕ್‌ನಟ್ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದರು. ಆಫ್ರಿಟ್ ಹೆಸರಿನಲ್ಲಿ ಕಟ್ಟುತ್ತಿದ್ದ ಎ. ಎಫ್. ರಿಚಿ ಮುಖ್ಯೋಪಾಧ್ಯಾಯರು. ದಾರಿ ತಪ್ಪಿಸುವ ಹಕ್ಕು ಸುಳಿವು ಕಟ್ಟುವವನಿಗೆ ಉಂಟು, ಆದರೆ ಅವನು ಬರೆದ ಪದಗಳನ್ನು ಬಿಡಿಸಿ ಓದಿದರೆ ಉತ್ತರ ಅಲ್ಲೇ ಸಿಗಬೇಕು ಎಂಬುದು ಅವರು ಬಿಟ್ಟುಹೋದ ಕಟ್ಟಳೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಗೂ ಅದು ಅನ್ವಯಿಸಿದರೆ ಚೆನ್ನಾಗಿತ್ತು.

ಇನ್ನು ಗಣಿತದ 'ವಿಷಯ' ಇರುವ ಪದಬಂಧ. ನೀವು ಎಡವಿದ ಎರಡನೆಯ ಜಾಗ ಇದೇ ಇರಬೇಕು. ವಿಷಯ ಸಾಮಾನ್ಯವಾಗಿ ಅಡಗಿರುವುದು ಉತ್ತರಗಳಲ್ಲಿ. ಸುಳಿವುಗಳು ಅಡುಗೆ, ರೈಲು, ಪ್ರೇಮಪ್ರಕರಣ ಏನನ್ನಾದರೂ ಮಾತಾಡುತ್ತಿರಬಹುದು. ಆದ್ದರಿಂದ ಮೊದಲು ಸಿಕ್ಕ ಕಡೆ ಬಿಡಿಸಿ. ಮೂರು ನಾಲ್ಕು ಉತ್ತರಗಳಿಗೆ ನೆಂಟಸ್ತಿಕೆ ಕಂಡರೆ ಆಮೇಲೆ ಹಿಂದಿನಿಂದ ನಡೆಯಿರಿ: ಆರು ಮನೆ, ಮೊದಲನೆಯದು ಟಿ, ಗಣಿತಜ್ಞನೇ ಇರಬೇಕು. 'ಟೂರಿಂಗ್' ಪದದಿಂದ ಸೊನ್ನೆಯಂತಿರುವ ಓ ಕಳೆದರೆ 'ಟ್ಯೂರಿಂಗ್'. ಅಂದ ಹಾಗೆ, 1942ರ ಜನವರಿಯಲ್ಲಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ತನ್ನ ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ನಡೆಸಿತ್ತು. ಭಾಗವಹಿಸಿದ ಕೆಲವರಿಗೆ ಕೆಲವು ವಾರಗಳ ಬಳಿಕ ಸರಕಾರದಿಂದ ಪತ್ರ ಬಂತು. ಅವರು ಹೋಗಿ ಸೇರಿದ್ದು ಟ್ಯೂರಿಂಗ್ ಜರ್ಮನ್ನರ ರಹಸ್ಯ ಸಂಕೇತಗಳನ್ನು ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕಿಗೆ.

ನನಗೆ ತುಂಬ ಇಷ್ಟವಾದದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. 'ಇಂಡಿಯನ್ ಫಿಸಿಸಿಸ್ಟ್, ಯೂನಿವರ್ಸಿಟಿ, ಫಸ್ಟ್ ಮಂತ್: ಮ್ಯಾಥಮೆಟೀಶಿಯನ್ (9)'. ಭಾರತದ ಭೌತವಿಜ್ಞಾನಿ ಎಂದರೆ ಬೆಂಗಳೂರಿನವರಿಗೆ ಹೇಳಿಕೊಡಬೇಕೇ? ರಾಮನ್. ವಿಶ್ವವಿದ್ಯಾಲಯಕ್ಕೆ ಯು. ಮೊದಲ ತಿಂಗಳು ಜಾನ್, ಅಂದರೆ ಜನವರಿಯ ಮೂರಕ್ಷರ. ಮೂರನ್ನೂ ಅಂಟಿಸಿದರೆ ರಾಮಾನುಜನ್! ಒಬ್ಬ ವಿಜ್ಞಾನಿಯ ಹೆಸರಿನೊಳಗೆ ಇನ್ನೊಬ್ಬರು ಇಡಿಯಾಗಿ ಕುಳಿತಿರುವುದು ಕನ್ನಡದಲ್ಲಿ ಬರೆದಾಗ ಕಾಣುವುದೇ ಇಲ್ಲ, ನಡುವೆ ದೀರ್ಘ ಅಡ್ಡ ಬರುತ್ತದೆ. ರಾಮಾನುಜನ್ ಮದರಾಸಿನಿಂದ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತಜ್ಞ ಹಾರ್ಡಿಯವರಿಗೆ ಮೊದಲ ಪತ್ರ ಬರೆದದ್ದೂ ಜನವರಿಯಲ್ಲೇ, 1913ರ 16ರಂದು. ಅದೇ ವರ್ಷ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಅವರ ಮೊಟ್ಟಮೊದಲ ಪದಬಂಧ ಅಚ್ಚಾಯಿತು. ಸುಳಿವು ಕಟ್ಟುವವರು ಇಂಥ ಕಾಕತಾಳೀಯಗಳಿಗಾಗಿ ಕಾದಿರುತ್ತಾರೆ.

ಮಕ್ಕಳ ವಿಷಯಕ್ಕೆ ಬಂದರೆ, ಇಂಗ್ಲಿಷಿನ ಗೂಢ ಸುಳಿವುಗಳನ್ನು ಒಮ್ಮೆಗೇ ಹೇರಬೇಡಿ. ಗಣಿತ ನಿಜಕ್ಕೂ ಬೇಕಾಗುವ ಇನ್ನೊಂದು ಬಗೆಯಿದೆ, ಅಂಕಿಬಂಧ. 1930ರಲ್ಲಿ ಬಿಬಿಸಿಯ 'ದಿ ಲಿಸನರ್' ವಾರಪತ್ರಿಕೆಯಲ್ಲಿ ಆರಂಭವಾಗಿ, ಅದು 1991ರಲ್ಲಿ ನಿಂತ ಮೇಲೆ 'ದಿ ಟೈಮ್ಸ್' ಸೇರಿದ ಅತಿ ಕಠಿಣ ಪದಬಂಧ ಸರಣಿಯಲ್ಲಿ ವರ್ಷಕ್ಕೆ ನಾಲ್ಕು ಸಲ ಅಕ್ಷರಗಳ ಬದಲು ಅಂಕಿಗಳು ಬರುತ್ತವೆ. ಅಷ್ಟು ಕಠಿಣದ್ದು ನಮಗೆ ಬೇಡ. ಕಪ್ಪುಹಲಗೆಯ ಮೇಲೆ ಎರಡು ಸಾಲು, ಎರಡು ಕಂಬ, ನಾಲ್ಕೇ ಮನೆ ಬರೆಯಿರಿ. ಮೇಲಿನ ಸಾಲು: ಒಂದು ವರ್ಗಸಂಖ್ಯೆ, ತಿರುಗಿಸಿ ಓದಿದರೆ ಅವಿಭಾಜ್ಯ. ಕೆಳಗಿನ ಸಾಲು: 17ರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ. ಎಡದ ಕಂಬ: ಅವಿಭಾಜ್ಯ. ಬಲದ ಕಂಬ: ಘನಸಂಖ್ಯೆ.

ಎರಡಂಕಿಯ ವರ್ಗಗಳು ಆರೇ ಇವೆ: 16, 25, 36, 49, 64, 81. ತಿರುಗಿಸಿದಾಗ ಅವಿಭಾಜ್ಯವಾಗುವುದು ಒಂದೇ ಒಂದು. ಅದು ಸಿಕ್ಕರೆ ಬಲದ ಕಂಬ ತಾನಾಗಿ ಬೀಳುತ್ತದೆ, ಅದರ ಹಿಂದೆಯೇ ಕೆಳಗಿನ ಸಾಲು. ಎಡದ ಕಂಬದ ಸುಳಿವು ಬಳಸುವ ಮೊದಲೇ ನಾಲ್ಕೂ ಮನೆ ತುಂಬಿರುತ್ತವೆ. ಹಾಗಾದರೆ ಆ ಸುಳಿವು ಯಾಕೆ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿದರೆ, ತಾಳೆ ನೋಡಲು ಎಂದು ಹೇಳಿ, ಮುಂದಿನ ವಾರದ ಅಂಕಿಬಂಧ ಕಟ್ಟುವ ಕೆಲಸವನ್ನು ಆ ಮಗುವಿಗೇ ವಹಿಸಿ.