612 ಎಂಬ ಸಂಖ್ಯೆ ಎಲ್ಲಿಂದ ಬಂತು? ಕಂಪನಾಂಕಗಳ ಜಾಗತಿಕ ನೋಂದಣಿಯ ಹಿನ್ನೆಲೆ

ಆಕಾಶವಾಣಿ ಬೆಂಗಳೂರು ಕೇಂದ್ರದ ಮಧ್ಯಮ ತರಂಗ ಪ್ರಸಾರ 612 ಕಿಲೊಹರ್ಟ್ಸ್‌ನದು ಎಂಬುದು ಹಳೆಯ ಕೇಳುಗರಿಗೆಲ್ಲ ಬಾಯಿಪಾಠ. ಧಾರವಾಡದ್ದು 765, ಭದ್ರಾವತಿಯದು 675. ಈ ಮೂರನ್ನೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಇದು ಕಾಕತಾಳೀಯವಲ್ಲ. 1975ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನವೊಂದು ಯುರೋಪ್, ಆಫ್ರಿಕಾ, ಏಷ್ಯಾ ಮತ್ತು ಆಸ್ಟ್ರೇಲಿಯಾ ಭಾಗದ ದೇಶಗಳ ಮಧ್ಯಮ ತರಂಗ ಕೇಂದ್ರಗಳನ್ನೆಲ್ಲ ಒಂದೇ ಯೋಜನೆಯಡಿ ತಂದು, ಒಂದು ಚಾನೆಲ್‌ಗೂ ಇನ್ನೊಂದಕ್ಕೂ 9 ಕಿಲೊಹರ್ಟ್ಸ್ ಅಂತರ ನಿಗದಿ ಮಾಡಿತು. 1978ರ ನವೆಂಬರ್‌ನಲ್ಲಿ ಯೋಜನೆ ಜಾರಿಗೆ ಬಂತು. ಅಮೆರಿಕ ಖಂಡಗಳು ಈ ಏರ್ಪಾಟಿನಿಂದ ಹೊರಗುಳಿದವು. ಅಲ್ಲಿ ಇಂದಿಗೂ ಅಂತರ 10 ಕಿಲೊಹರ್ಟ್ಸ್.

ನಮ್ಮ ಊರಿನ ರೇಡಿಯೊ ಕೇಂದ್ರದ ಸಂಖ್ಯೆಗೂ ಜಿನೀವಾಕ್ಕೂ ಏನು ಸಂಬಂಧ? ಉತ್ತರ ರಾತ್ರಿಯ ಆಕಾಶದಲ್ಲಿದೆ. ಹಗಲಿನಲ್ಲಿ ಮಧ್ಯಮ ತರಂಗ ಬಹುತೇಕ ನೆಲವನ್ನೇ ಅನುಸರಿಸಿ ಸಾಗುತ್ತದೆ, ಒಂದೆರಡು ನೂರು ಕಿಲೋಮೀಟರ್ ದಾಟುವಷ್ಟರಲ್ಲಿ ಕ್ಷೀಣಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ತರಂಗ ವಾಯುಮಂಡಲದ ಮೇಲ್ಭಾಗದ ವಿದ್ಯುದಾವೇಶದ ಪದರವಾದ ಅಯಾನುಗೋಳದಿಂದ ಪ್ರತಿಫಲಿಸಿ ಸಾವಿರ ಕಿಲೋಮೀಟರಿಗೂ ಆಚೆ ಇಳಿಯುತ್ತದೆ. ಬೆಂಗಳೂರಿನ ಪ್ರೇಷಕ ಇನ್ನೊಂದು ದೇಶದ ಹಳ್ಳಿಯ ರೇಡಿಯೊದಲ್ಲಿ ಗದ್ದಲ ಎಬ್ಬಿಸಬಲ್ಲದು, ಅಲ್ಲಿನ ಪ್ರೇಷಕ ಇಲ್ಲಿ. ಆದ್ದರಿಂದ ದೆಹಲಿ ಪರವಾನಗಿ ಕೊಟ್ಟರಷ್ಟೇ ಸಾಲದು. ನೆರೆಯವರಿಗೆ ತಿಳಿಸಬೇಕು, ಅವರ ಆಕ್ಷೇಪ ಕೇಳಬೇಕು, ಆಮೇಲೆ ಎಲ್ಲರೂ ಒಪ್ಪುವ ಒಂದು ಪುಸ್ತಕದಲ್ಲಿ ಬರೆಸಬೇಕು. ನೂರಕ್ಕೂ ಹೆಚ್ಚು ವರ್ಷಗಳಿಂದ ರೇಡಿಯೊ ಜಗತ್ತು ನಡೆದುಬಂದಿರುವುದು ಈ ಮೂರು ಹೆಜ್ಜೆಗಳ ಮೇಲೆ.

ಮೊದಲ ಹೆಜ್ಜೆ ಇಡಿಸಿದ್ದು ಒಂದು ಅವಮಾನ. 1902ರಲ್ಲಿ ಪ್ರಷ್ಯದ ರಾಜಕುಮಾರ ಹೈನ್‌ರಿಚ್ ಅಮೆರಿಕದಿಂದ ಹಡಗಿನಲ್ಲಿ ಮರಳುವಾಗ ಅಧ್ಯಕ್ಷ ರೂಸ್‌ವೆಲ್ಟ್‌ಗೆ ವಂದನೆಯ ಸಂದೇಶ ಕಳುಹಿಸಲು ಮುಂದಾದ. ಹಡಗಿನಲ್ಲಿದ್ದದ್ದು ಜರ್ಮನಿಯ ಉಪಕರಣ, ದಡದಲ್ಲಿದ್ದದ್ದು ಮಾರ್ಕೋನಿ ಕಂಪನಿಯ ಕೇಂದ್ರ. ಎದುರಾಳಿಯ ಯಂತ್ರದಿಂದ ಬಂದ ಸಂದೇಶವನ್ನು ಆ ಕೇಂದ್ರ ಸ್ವೀಕರಿಸಲಿಲ್ಲ. ಮರುವರ್ಷವೇ ಜರ್ಮನಿ ಬರ್ಲಿನ್‌ನಲ್ಲಿ ಪೂರ್ವಭಾವಿ ಸಮ್ಮೇಳನ ಕರೆಯಿತು. 1906ರಲ್ಲಿ ಅಲ್ಲೇ ಮೊದಲ ಅಂತರರಾಷ್ಟ್ರೀಯ ರೇಡಿಯೊ ಟೆಲಿಗ್ರಾಫ್ ಒಪ್ಪಂದವಾಯಿತು. ಯಾವ ಕಂಪನಿಯ ಉಪಕರಣವಾದರೂ ದಡದ ಕೇಂದ್ರಗಳು ಹಡಗಿನ ಸಂದೇಶವನ್ನು ಸ್ವೀಕರಿಸಲೇಬೇಕು ಎಂದು ಅದು ವಿಧಿಸಿತು. ಎಸ್‌ಒಎಸ್ ಸಂಕೇತಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದೂ ಅದರಿಂದಲೇ. ಆದರೆ ನನಗೆ ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಯಾರೂ ಹೆಚ್ಚು ಮಾತನಾಡದ ಇನ್ನೊಂದು ನಿಯಮ: ಪ್ರತಿ ದೇಶವೂ ತನ್ನ ಕೇಂದ್ರಗಳ ವಿವರವನ್ನು, ಅವು ಬಳಸುವ ತರಂಗಗಳ ಸಮೇತ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿದ್ದ ಕಚೇರಿಗೆ ತಿಳಿಸಬೇಕು. ಇಂದಿನ ನೋಂದಣಿಯ ಬೇರು ಅಲ್ಲಿದೆ.

1927ರ ವಾಷಿಂಗ್ಟನ್ ಸಮ್ಮೇಳನ 10 ಕಿಲೊಹರ್ಟ್ಸ್‌ನಿಂದ 60 ಮೆಗಾಹರ್ಟ್ಸ್‌ವರೆಗಿನ ತರಂಗಾಂತರವನ್ನು ಸೇವೆಗಳ ನಡುವೆ ಹಂಚಿತು. ಹಡಗಿಗೆ ಇಷ್ಟು, ಪ್ರಸಾರಕ್ಕೆ ಇಷ್ಟು, ಹವ್ಯಾಸಿಗಳಿಗೆ ಇಷ್ಟು. ಆ ಪಟ್ಟಿಯೊಳಗೆ ಯಾವ ಕೇಂದ್ರಕ್ಕೆ ಯಾವ ಕಂಪನಾಂಕ ಎಂದು ತೀರ್ಮಾನಿಸುವುದು ಆಯಾ ದೇಶದ ಕೆಲಸ. ಈ ವಿಂಗಡಣೆ ಇಂದಿಗೂ ಹಾಗೆಯೇ ಉಳಿದಿದೆ. ತೊಂದರೆ ಬರ್ನ್ ಕಚೇರಿಯಲ್ಲಿತ್ತು. ಅದು ಬಂದದ್ದನ್ನು ಬರೆದುಕೊಳ್ಳುತ್ತಿತ್ತೇ ಹೊರತು ಪರಿಶೀಲಿಸುತ್ತಿರಲಿಲ್ಲ. ಮೊದಲು ಬರೆಸಿದವರಿಗೆ ಮೊದಲ ಹಕ್ಕು ಎಂಬ ಭಾವನೆ ಬೆಳೆಯಿತು. ಹೀಗಾಗಿ ಬಳಸದ ಕಂಪನಾಂಕಗಳನ್ನೂ ಮುಂದೆಂದೋ ಬೇಕಾದೀತು ಎಂದು ಬರೆಸುವ ಚಾಳಿ ಹತ್ತಿತು. ಪ್ರೇಷಕ ಕಟ್ಟುವ ಶಕ್ತಿ ಯಾರಿಗಿತ್ತೋ ಪುಟಗಳೂ ಅವರ ಪಾಲಾದವು. ಆಗ ವಸಾಹತುಗಳಾಗಿದ್ದ ದೇಶಗಳು ಸ್ವತಂತ್ರವಾಗುವ ಹೊತ್ತಿಗೆ ಒಳ್ಳೆಯ ಪುಟಗಳು ತುಂಬಿಹೋಗಿದ್ದವು.

1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ದೇಶಗಳು ಇದನ್ನು ಸರಿಪಡಿಸಲು ಹೊರಟವು. 1865ರಲ್ಲಿ ಟೆಲಿಗ್ರಾಫ್‌ಗಾಗಿ ಹುಟ್ಟಿ ಆ ವೇಳೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎಂಬ ಹೆಸರು ಪಡೆದಿದ್ದ ಐಟಿಯು ವಿಶ್ವಸಂಸ್ಥೆಯ ಅಂಗಸಂಸ್ಥೆಯಾಯಿತು. ಅದರಡಿ 11 ಸದಸ್ಯರ ಕಂಪನಾಂಕ ನೋಂದಣಿ ಮಂಡಳಿ ರಚನೆಯಾಯಿತು. ಸದಸ್ಯರು ತಮ್ಮ ದೇಶದ ವಕೀಲರಲ್ಲ, ಅಂತರರಾಷ್ಟ್ರೀಯ ನಂಬಿಕೆಯ ಕಾವಲುಗಾರರು ಎಂಬುದು ಅದರ ಮೂಲ ಕಲ್ಪನೆ. ಹಳೆಯ ಬರ್ನ್ ಪಟ್ಟಿಯನ್ನು ಬದಿಗಿಟ್ಟು, ಎಲ್ಲ ದೇಶಗಳ ನಿಜವಾದ ಅಗತ್ಯ ಕೇಳಿ, ಎಂಜಿನಿಯರಿಂಗ್ ಲೆಕ್ಕದ ಮೇಲೆ ಹೊಸ ಪಟ್ಟಿ ಬರೆಯುವ ಹೊಣೆಯನ್ನು ತಾತ್ಕಾಲಿಕ ಮಂಡಳಿಯೊಂದಕ್ಕೆ ವಹಿಸಲಾಯಿತು. 1948ರಲ್ಲಿ ಕೆಲಸ ಆರಂಭಿಸಿದ ಆ ಮಂಡಳಿ ಪಟ್ಟಿ ಮುಗಿಸದೆಯೇ ವಿಸರ್ಜನೆಯಾಯಿತು. ದೇಶಗಳು ಕೇಳಿದ್ದು ಇರುವುದಕ್ಕಿಂತ ಎಷ್ಟೋ ಹೆಚ್ಚು. ಅದರ ಮೇಲೆ ಶೀತಲ ಸಮರ. ಸೋವಿಯತ್ ಒಕ್ಕೂಟ ಹಳೆಯ ಪಟ್ಟಿಯ ಹಕ್ಕುಗಳನ್ನು ಬಿಟ್ಟುಕೊಡಲು ಒಪ್ಪಲಿಲ್ಲ. 1951ರ ಸಮ್ಮೇಳನ ಹಂತ ಹಂತವಾಗಿ ಸಾಗುವ ದಾರಿ ಹಿಡಿಯಿತು, 1959ರ ಜಿನೀವಾ ಸಮ್ಮೇಳನದ ವೇಳೆಗೆ ಮಾಸ್ಟರ್ ರಿಜಿಸ್ಟರ್ ಎಂದು ಕರೆಯುವ ಇಂದಿನ ಪುಸ್ತಕ ನೆಲೆಗೊಂಡಿತು.

ಜಮೀನಿನ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹೇಗೆ ಒಡೆತನ ಪೂರ್ತಿ ಸಾಬೀತಾಗುವುದಿಲ್ಲವೋ ಇಲ್ಲಿಯೂ ಹಾಗೆಯೇ, ಕಂಪನಾಂಕಕ್ಕೆ ಯಾವ ದೇಶವೂ ಮಾಲೀಕನಲ್ಲ. ರಿಜಿಸ್ಟರ್ ಕೊಡುವುದು ಮಾನ್ಯತೆ. ನಿಯಮಕ್ಕೆ ಅನುಗುಣವಾಗಿ ದಾಖಲಾದ ಬಳಕೆಯನ್ನು ಉಳಿದ ದೇಶಗಳು ಗಮನದಲ್ಲಿಟ್ಟುಕೊಂಡು ತಮ್ಮ ಕೇಂದ್ರಗಳಿಗೆ ಕಂಪನಾಂಕ ಕೊಡಬೇಕು, ನಿಯಮ ಮೀರಿ ಅಡ್ಡಿ ಮಾಡಿದವರು ಅದನ್ನು ತಕ್ಷಣ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ದಂಡ ಹಾಕುವ ಅಧಿಕಾರವಾಗಲಿ ಕಳುಹಿಸಲು ಪೊಲೀಸರಾಗಲಿ ಐಟಿಯು ಬಳಿ ಇಲ್ಲ. ಎಲ್ಲವೂ ನಿಂತಿರುವುದು ಪುಸ್ತಕದ ಪ್ರಾಮಾಣಿಕತೆಯ ಮೇಲೆ.

ಈ ಪುಸ್ತಕದ ಕಟ್ಟಿಗೆ ಸಿಗದ ಒಂದು ಲೋಕವೂ ಇದೆ. ಯಲಹಂಕದಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಸಾಮರ್ಥ್ಯದ ಕಿರುತರಂಗ ಪ್ರೇಷಕಗಳು ತಲೆ ಎತ್ತಿದ್ದು 1990ರ ದಶಕದಲ್ಲಿ, ವಿದೇಶ ಪ್ರಸಾರಕ್ಕಾಗಿ. ಮಧ್ಯಮ ತರಂಗಕ್ಕೆ ಇದ್ದಂಥ ಸ್ಥಿರ ಯೋಜನೆ ಕಿರುತರಂಗಕ್ಕೆ ಎಂದೂ ಸಿದ್ಧಿಸಲಿಲ್ಲ. 1949ರಲ್ಲಿ ಮೆಕ್ಸಿಕೊದಲ್ಲಿ ಮಾಡಿದ ಪ್ರಯತ್ನ ವಿಫಲವಾಯಿತು, 1980ರ ದಶಕದ್ದೂ ಕೈಗೂಡಲಿಲ್ಲ. ಋತುವಿನೊಂದಿಗೆ ಅಯಾನುಗೋಳ ಬದಲಾಗುತ್ತದೆ, ಅದರೊಂದಿಗೆ ಒಳ್ಳೆಯ ಕಂಪನಾಂಕವೂ ಬದಲಾಗುತ್ತದೆ. ಕೊನೆಗೆ ಪ್ರಸಾರಕರೇ ವರ್ಷಕ್ಕೆರಡು ಬಾರಿ ಕೂತು ವೇಳಾಪಟ್ಟಿಗಳನ್ನು ಹೊಂದಿಸಿಕೊಳ್ಳುವ ಪದ್ಧತಿ ಬಂತು. ಮಾರ್ಚ್ ಕೊನೆಯ ಭಾನುವಾರಕ್ಕೊಂದು ಪಟ್ಟಿ, ಅಕ್ಟೋಬರ್ ಕೊನೆಯ ಭಾನುವಾರಕ್ಕೊಂದು. 1997ರಲ್ಲಿ ರೇಡಿಯೊ ನಿಯಮಗಳೇ ಈ ಪದ್ಧತಿಯನ್ನು ಒಪ್ಪಿಕೊಂಡವು.

ಉಪಗ್ರಹಗಳು ಬಂದ ಮೇಲೆ ವಿಷಯ ಇನ್ನೂ ಬಿಗಿಯಾಯಿತು. ಸಮಭಾಜಕದ ನೆತ್ತಿಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಒಂದು ವೃತ್ತವಿದೆ. ಅಲ್ಲಿರುವ ಉಪಗ್ರಹ ನೆಲದಿಂದ ನೋಡುವವರಿಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಆ ವೃತ್ತದಲ್ಲಿ ಒಂದು ಡಿಗ್ರಿ ಎಂದರೆ 700 ಕಿಲೋಮೀಟರಿಗೂ ಹೆಚ್ಚು ದೂರ, ಡಿಕ್ಕಿಯ ಭಯ ಕಡಿಮೆ. ಅಭಾವ ಇರುವುದು ಜಾಗದ್ದಲ್ಲ. ಮನೆ ಮೇಲಿನ ಸಣ್ಣ ಡಿಶ್‌ಗೆ ಒಂದೆರಡು ಡಿಗ್ರಿ ಅಂತರದ ಎರಡು ಉಪಗ್ರಹಗಳನ್ನು ಬೇರ್ಪಡಿಸಿ ನೋಡುವುದು ಕಷ್ಟ. ಎರಡೂ ಒಂದೇ ಕಂಪನಾಂಕದಲ್ಲಿ ಒಂದೇ ಪ್ರದೇಶಕ್ಕೆ ಮಾತನಾಡಿದರೆ ಯಾವುದೂ ಕೇಳಿಸುವುದಿಲ್ಲ. 1963ರ ಜಿನೀವಾ ಸಮ್ಮೇಳನ ಬಾಹ್ಯಾಕಾಶ ಸೇವೆಗಳಿಗೆ ತರಂಗಾಂತರ ಕೊಟ್ಟಿತು, 1971ರದು ಸಮನ್ವಯದ, ಅಂದರೆ ಅಡ್ಡಿಯಾಗದಂತೆ ದೇಶಗಳು ಮೊದಲೇ ಮಾತಾಡಿ ಹೊಂದಿಸಿಕೊಳ್ಳುವ, ವಿಧಿವಿಧಾನವನ್ನು ಬಲಪಡಿಸಿತು. ಹೊಸ ಉಪಗ್ರಹದಿಂದ ಹಳೆಯ ಜಾಲದ ಗದ್ದಲದ ಮಟ್ಟ ಶೇ 6ಕ್ಕಿಂತ ಹೆಚ್ಚು ಏರುತ್ತದೆ ಎಂಬ ಲೆಕ್ಕ ಬಂದರೆ ಎರಡೂ ದೇಶಗಳು ಮಾತುಕತೆಗೆ ಕೂರಬೇಕು ಎಂಬುದು ಭೂಸ್ಥಿರ ಉಪಗ್ರಹಗಳಿಗೆ ದಶಕಗಳಿಂದ ಇರುವ ಸಾಮಾನ್ಯ ಅಳತೆ.

ಕಕ್ಷೆಯ ಸ್ಥಾನಕ್ಕೆ ಉಪಗ್ರಹಕ್ಕಿಂತ ದೀರ್ಘವಾದ ಆಯುಷ್ಯ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ ನೆಲೆಗೊಂಡಿತು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ಅದನ್ನು ನೋಡಿಕೊಳ್ಳುತ್ತಿತ್ತು. ಸೆಪ್ಟೆಂಬರ್‌ನಲ್ಲೇ ಅದು ಕೈಕೊಟ್ಟಿತು. ಮರುವರ್ಷ ಇನ್ಸಾಟ್-1ಬಿ ಅದೇ 74 ಡಿಗ್ರಿಗೆ ಬಂದು ನಿಂತು ದೇಶದ ದೂರದರ್ಶನ ಜಾಲವನ್ನು ಹಬ್ಬಿಸಿತು. ಉಪಗ್ರಹ ಸತ್ತರೂ ದಾಖಲೆ ಉಳಿದಿತ್ತು.

ಆದರೆ ಮೊದಲು ಬಂದವರಿಗೆ ಮೊದಲು ಎಂಬ ಹಳೆಯ ನಿಯಮ ಇಲ್ಲಿಯೂ ಬೆನ್ನು ಬಿಡಲಿಲ್ಲ. 1976ರಲ್ಲಿ ಸಮಭಾಜಕದ ಎಂಟು ದೇಶಗಳು ಬೊಗೊಟಾದಲ್ಲಿ ಸೇರಿ, ನಮ್ಮ ನೆತ್ತಿಯ ಮೇಲಿನ ಕಕ್ಷೆ ನಮ್ಮದೇ ಎಂದು ಘೋಷಿಸಿದವು. ಜಗತ್ತು ಅದನ್ನು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಆದರೆ ಅದರ ಹಿಂದಿನ ಸಂಕಟ ನಿಜವಾದದ್ದು. ಈ ಒತ್ತಡದಿಂದಲೇ 1985 ಮತ್ತು 1988ರ ಸಮ್ಮೇಳನಗಳಲ್ಲಿ ಪ್ರತಿ ದೇಶಕ್ಕೂ, ಅದರ ಬಳಿ ಉಪಗ್ರಹ ಇರಲಿ ಬಿಡಲಿ, ಕೆಲವು ನಿರ್ದಿಷ್ಟ ಬ್ಯಾಂಡ್‌ಗಳಲ್ಲಿ ಕಕ್ಷೆಯ ಒಂದು ಸ್ಥಾನ ಕಾದಿರಿಸುವ ಯೋಜನೆ ಹುಟ್ಟಿತು. ತಡವಾಗಿ ಬರುವವರಿಗೆ ಕುರ್ಚಿ ಹಾಕಿಟ್ಟ ಈ ನಿರ್ಧಾರವನ್ನು ನಾನು ಐಟಿಯು ಇತಿಹಾಸದ ಅತ್ಯಂತ ನ್ಯಾಯಯುತ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ಉಳಿದ ಬ್ಯಾಂಡ್‌ಗಳಲ್ಲಿ ನೂಕುನುಗ್ಗಲು ಮುಂದುವರಿಯಿತು. 1980ರ ದಶಕದ ಕೊನೆಗೆ ಪುಟ್ಟ ದ್ವೀಪರಾಷ್ಟ್ರ ಟೋಂಗಾ 16 ಸ್ಥಾನಗಳಿಗೆ ಅರ್ಜಿ ಹಾಕಿದಾಗ ಹಲವು ದೇಶಗಳ ಜಂಟಿ ಉಪಗ್ರಹ ಸಂಸ್ಥೆ ಇಂಟೆಲ್‌ಸ್ಯಾಟ್ ಸೇರಿದಂತೆ ಹಲವರು ಪ್ರತಿಭಟಿಸಿದರು. ಕೊನೆಗೆ ಅದು ಆರಕ್ಕೆ ಒಪ್ಪಿತು. ಟೋಂಗಾ ಮುರಿದ ನಿಯಮ ಯಾವುದೂ ಇರಲಿಲ್ಲ, ದೊಡ್ಡ ದೇಶಗಳು ಹಿಂದೆ ಬರ್ನ್ ಪಟ್ಟಿಯಲ್ಲಿ ಮಾಡಿದ್ದನ್ನೇ ಅದೂ ಮಾಡಿತು. ಕಾಗದದಲ್ಲಿ ಮಾತ್ರ ಇರುವ ಉಪಗ್ರಹಗಳನ್ನು ತಡೆಯಲು ನಿಯಮಗಳು ಒಂದೊಂದಾಗಿ ಬಿಗಿಯಾದವು. 1997ರಿಂದ ತಯಾರಕ ಯಾರು, ಉಡಾವಣೆ ಯಾವಾಗ ಎಂಬ ವಿವರ ಕೊಡಬೇಕಾಯಿತು. ಏಳು ವರ್ಷದೊಳಗೆ ಬಳಕೆಗೆ ತರದಿದ್ದರೆ ಅರ್ಜಿ ರದ್ದು. ಸಾವಿರಾರು ಉಪಗ್ರಹಗಳ ಜಾಲಗಳು ಬಂದಾಗ ಅದೂ ಸಾಲದಾಯಿತು. 2021ರಲ್ಲಿ ರುವಾಂಡ ಮೂರು ಲಕ್ಷಕ್ಕೂ ಹೆಚ್ಚು ಉಪಗ್ರಹಗಳಿಗೆ ಅರ್ಜಿ ಹಾಕಿತು. 2019ರ ಸಮ್ಮೇಳನ ಇಂಥವುಗಳಿಗೆಂದೇ ಮೈಲಿಗಲ್ಲು ನೆಟ್ಟಿತ್ತು: ಆ ಏಳು ವರ್ಷ ಮುಗಿದ ಮೇಲೆ ಎರಡು ವರ್ಷದಲ್ಲಿ ಶೇ 10, ಐದು ವರ್ಷದಲ್ಲಿ ಶೇ 50, ಏಳು ವರ್ಷದಲ್ಲಿ ಪೂರ್ತಿ ಉಪಗ್ರಹಗಳು ಕಕ್ಷೆಯಲ್ಲಿರಬೇಕು. ಇಲ್ಲವಾದರೆ ದಾಖಲೆಯನ್ನು ಇದ್ದಷ್ಟಕ್ಕೆ ತಕ್ಕಂತೆ ಮೊಟಕುಗೊಳಿಸಲಾಗುತ್ತದೆ.

ಭಾರತದ ಪರವಾಗಿ ಈ ಅರ್ಜಿಗಳನ್ನು ಜಿನೀವಾಕ್ಕೆ ಕಳುಹಿಸುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ಎಂಬ ವಿಭಾಗ. 1952ರಲ್ಲಿ ಹುಟ್ಟಿದ್ದು, ಇರುವುದು ದೆಹಲಿಯಲ್ಲಿ. ಆದರೆ ಉಪಗ್ರಹ ರೂಪುಗೊಳ್ಳುವುದು ಬೆಂಗಳೂರಿನಲ್ಲಿ, ಇಸ್ರೊ ಕೇಂದ್ರ ಕಚೇರಿ ಇಲ್ಲಿನ ಅಂತರಿಕ್ಷ ಭವನದಲ್ಲಿ. ಆದ್ದರಿಂದ ಸಮನ್ವಯದ ತಾಂತ್ರಿಕ ಲೆಕ್ಕಾಚಾರದ ಒಂದು ಕಾಲು ಸದಾ ಈ ಊರಿನಲ್ಲಿದೆ. ನಾವಿಕ್ ಇದಕ್ಕೆ ಒಳ್ಳೆಯ ಉದಾಹರಣೆ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿದ ನಮ್ಮ ಪಥದರ್ಶಕ ವ್ಯವಸ್ಥೆ 1176.45 ಮೆಗಾಹರ್ಟ್ಸ್ ಬಳಸುತ್ತದೆ. ಅಮೆರಿಕದ ಜಿಪಿಎಸ್ ಮತ್ತು ಯುರೋಪಿನ ಗೆಲಿಲಿಯೊ ಕೂಡ ಅದೇ ಕಂಪನಾಂಕದಲ್ಲಿವೆ. ಬೇರೆ ಬೇರೆ ಸಂಕೇತಗಳಿಂದಾಗಿ ಒಂದನ್ನೊಂದು ನುಂಗುವುದಿಲ್ಲ. ಆದರೆ ವಿಮಾನಗಳ ದೂರಮಾಪಕ ಉಪಕರಣಗಳೂ ಅದೇ ಬ್ಯಾಂಡ್‌ನಲ್ಲಿವೆ. ಅವುಗಳ ರಕ್ಷಣೆಗಾಗಿ ಎಲ್ಲ ಪಥದರ್ಶಕ ಉಪಗ್ರಹಗಳ ಒಟ್ಟು ಶಕ್ತಿಗೆ 2003ರ ಸಮ್ಮೇಳನ ಮಿತಿ ಹಾಕಿದೆ, ಆ ಮಿತಿಯೊಳಗಿದ್ದೇವೆಯೇ ಎಂದು ನೋಡಲು ದೇಶಗಳು ಸಮಾಲೋಚನೆ ಸಭೆ ನಡೆಸುತ್ತವೆ. ನಾವಿಕ್‌ನ ಇನ್ನೊಂದು ಕಂಪನಾಂಕ 2492.028 ಮೆಗಾಹರ್ಟ್ಸ್. ನಿಮ್ಮ ಮನೆಯ ವೈಫೈ ಬ್ಯಾಂಡ್ 2483.5ಕ್ಕೆ ಮುಗಿಯುತ್ತದೆ, ಈ ಉಪಗ್ರಹ ಸೇವೆಯ ಬ್ಯಾಂಡ್ ಸರಿಯಾಗಿ ಅಲ್ಲಿಂದಲೇ ಆರಂಭ. ಸ್ಥಾನ ಗುರುತಿಸುವ ಉಪಗ್ರಹ ಸೇವೆಗೆ ಆ ಬ್ಯಾಂಡ್ ಜಗತ್ತಿನಾದ್ಯಂತ ಸಿಕ್ಕಿದ್ದು 2012ರ ಸಮ್ಮೇಳನದಲ್ಲಿ.

ಕೇಳುವ ಕೇಂದ್ರವನ್ನೂ ದಾಖಲಿಸಬಹುದು ಎಂಬುದು ಅಷ್ಟಾಗಿ ತಿಳಿದಿಲ್ಲ. ರೇಡಿಯೊ ದೂರದರ್ಶಕಗಳು ಏನನ್ನೂ ಬಿತ್ತರಿಸುವುದಿಲ್ಲವಾದರೂ ತಾವು ಆಲಿಸುವ ಕಂಪನಾಂಕಕ್ಕೆ ರಕ್ಷಣೆ ಕೋರಿ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಬೆಂಗಳೂರಿನ ಎರಡು ಸಂಶೋಧನಾ ಸಂಸ್ಥೆಗಳು ಗೌರಿಬಿದನೂರಿನಲ್ಲಿ ಕಟ್ಟಿದ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿತು. ಖಗೋಳವಿಜ್ಞಾನಕ್ಕೆ ಮೀಸಲಾದ ಬ್ಯಾಂಡ್‌ಗಳಲ್ಲಿ ಅದು ಸೇರಿಲ್ಲ. ಊರಿಂದ ದೂರ ಹೋಗುವುದೇ ಅದಕ್ಕಿದ್ದ ರಕ್ಷಣೆ. ಉಪಗ್ರಹಗಳು ತಲೆಯ ಮೇಲೆ ಹಾದುಹೋಗುವಾಗ ಊರಿನ ದೂರ ಏನೂ ನೆರವಾಗುವುದಿಲ್ಲ.

ಈಗ ಬೆಂಗಳೂರಿನಲ್ಲಿ ಉಪಗ್ರಹ ಮಾಡುವವರು ಇಸ್ರೊ ಮಾತ್ರವಲ್ಲ. 2010ರಲ್ಲಿ ಬೆಂಗಳೂರು, ಹೈದರಾಬಾದ್ ವಿದ್ಯಾರ್ಥಿಗಳ ಸ್ಟಡ್‌ಸ್ಯಾಟ್, 2016ರಲ್ಲಿ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಹಾರಿದವು. ಈಚೆಗೆ ಪಿಕ್ಸೆಲ್‌ನಂಥ ನವೋದ್ಯಮಗಳು ಬಂದಿವೆ. ಭೂಮಿಯ ಚಿತ್ರ ತೆಗೆಯುವ ಸಣ್ಣ ಉಪಗ್ರಹಗಳಿಗೆ ಭೂಸ್ಥಿರ ಉಪಗ್ರಹಗಳಷ್ಟು ಉದ್ದದ ಸಮನ್ವಯ ಬೇಕಿಲ್ಲದಿದ್ದರೂ ಮುಂಚಿತ ಪ್ರಕಟಣೆ, ನಂತರ ನೋಂದಣಿ ತಪ್ಪಿದ್ದಲ್ಲ. ಉಡಾವಣೆಗೆ ರಾಕೆಟ್ ಸಿಕ್ಕಿತೆಂದರೆ ಅನುಮತಿ ಸಿಕ್ಕಂತಲ್ಲ ಎಂಬುದನ್ನು 2018ರ ಜನವರಿ ತೋರಿಸಿಕೊಟ್ಟಿತು. ಅಮೆರಿಕದ ಸ್ವಾರ್ಮ್ ಕಂಪನಿಯ ನಾಲ್ಕು ಕಿರು ಉಪಗ್ರಹಗಳು ನಮ್ಮ ಪಿಎಸ್‌ಎಲ್‌ವಿ-ಸಿ40ರಲ್ಲಿ ಮೇಲೇರಿದವು. ಕಕ್ಷೆಯಲ್ಲಿ ಪತ್ತೆಹಚ್ಚಲಾಗದಷ್ಟು ಚಿಕ್ಕವು ಎಂದು ಅವುಗಳಿಗೆ ಪರವಾನಗಿಯನ್ನು ಅಮೆರಿಕದ ನಿಯಂತ್ರಕ ಅದಾಗಲೇ ನಿರಾಕರಿಸಿತ್ತು. ಕಂಪನಿ 9 ಲಕ್ಷ ಡಾಲರ್ ತೆತ್ತಿತು.

ಐಟಿಯುವಿನ ರೇಡಿಯೊ ವಿಭಾಗ ಎರಡು ವಾರಕ್ಕೊಮ್ಮೆ ಸುತ್ತೋಲೆ ಹೊರಡಿಸುತ್ತದೆ. ಯಾವ ದೇಶ ಎಲ್ಲಿ, ಯಾವ ಕಂಪನಾಂಕದಲ್ಲಿ, ಎಷ್ಟು ಶಕ್ತಿಯಲ್ಲಿ ಬರಲಿದೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ತನ್ನ ಜಾಲಕ್ಕೆ ಅಡ್ಡಿಯಾದೀತು ಎಂದು ಕಂಡ ದೇಶ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ಹೇಳಬೇಕು. ಹಲವು ಬಗೆಯ ಅರ್ಜಿಗಳಲ್ಲಿ ಮೌನವನ್ನು ಆಕ್ಷೇಪವಿಲ್ಲ ಎಂದೇ ಎಣಿಸಲಾಗುತ್ತದೆ. ಆ ಸುತ್ತೋಲೆಯನ್ನು ಸಾಲು ಸಾಲಾಗಿ ಓದಿ, ಲೆಕ್ಕ ಹಾಕಿ, ಗಡುವಿನೊಳಗೆ ಪತ್ರ ಬರೆಯುವ ಎಂಜಿನಿಯರುಗಳು ಈ ಊರಿಗೆ ಇನ್ನೂ ಬೇಕು. ಆಂಟೆನಾ ವಿನ್ಯಾಸ ಕಲಿಸುವ ನಮ್ಮ ಕಾಲೇಜುಗಳು ರೇಡಿಯೊ ನಿಯಮಗಳನ್ನೂ ಒಂದು ಪೂರ್ಣ ವಿಷಯವಾಗಿ ಕಲಿಸಲಿ. ಮುಂದಿನ ಜಾಗತಿಕ ರೇಡಿಯೊ ಸಮ್ಮೇಳನ 2027ರಲ್ಲಿ ನಡೆಯಲಿದೆ.