ಕಾರವಾರದ ಪುಟದಲ್ಲಿ ಗೋವಾ ಏಕಿತ್ತು?

ಕಾರವಾರದ ವಸತಿಗೃಹವೊಂದರ ಹಳೆಯ ಜಾಲಪುಟವನ್ನು ಈಚೆಗೆ ದುರಸ್ತಿ ಮಾಡಬೇಕಾಯಿತು. ಅದರ ಒಳಬರಹ ತೆರೆದರೆ 'ಗೋವಾ ಬೀಚ್' ಎಂಬ ಮಾತು ಇಪ್ಪತ್ತು ಸಲ! ಪರದೆಯ ಮೇಲೆ ಒಮ್ಮೆಯೂ ಇಲ್ಲ. ಅಡಗಿ ಕೂತದ್ದು 'ಕೀವರ್ಡ್ಸ್' ಎಂಬ ಮೆಟಾ ಟ್ಯಾಗ್‌ನಲ್ಲಿ. ಕಾಳಿ ಸೇತುವೆ ದಾಟಿ ಮಾಜಾಳಿಗೆ ಹೋದರೆ ಗಡಿ ಬಂತು, ಹಾಗಾಗಿ ಪೂರ್ತಿ ಸುಳ್ಳಲ್ಲ ಎನ್ನಬಹುದು.

ಓದುಗನಿಗೆ ಕಾಣದೆ ಯಂತ್ರಕ್ಕಷ್ಟೇ ಪುಟದ ಪರಿಚಯ ಹೇಳುವ ಈ ಮೆಟಾ ಟ್ಯಾಗ್ ಜಾಲಪುಟ ಬರೆಯುವ ಭಾಷೆಯ 1995ರ ಆವೃತ್ತಿಯಾದ ಎಚ್‌ಟಿಎಂಎಲ್ 2.0ದಲ್ಲೇ ಇತ್ತು. ಆಲ್ಟವಿಸ್ಟಾದಂಥ ಅಂದಿನ ಶೋಧಯಂತ್ರಗಳು ಕೀವರ್ಡ್ಸ್ ಪಟ್ಟಿಯನ್ನು ನಂಬಿದವು. ಮಾಲೀಕನೇ ಬರೆದುಕೊಂಡ ಪಟ್ಟಿ, ಗಿರಾಕಿಗೆ ಕಾಣದ ಜಾಗ, ಜನ ಬಿಟ್ಟಾರೆಯೇ? ಸಂಬಂಧವಿಲ್ಲದ ಪದಗಳನ್ನೆಲ್ಲ ತುರುಕಿದರು. ಶಿರಸಿಯ ಅಡಿಕೆ ವ್ಯಾಪಾರಿ ಬೆಳೆಗಾರನ ಬಾಯಿಮಾತಿಗೆ ದರ ಕಟ್ಟುವುದಿಲ್ಲ, ರಾಶಿಗೆ ಕೈಹಾಕಿ ನಾಲ್ಕು ಅಡಿಕೆ ಒಡೆದು ನೋಡುತ್ತಾನೆ. ಶೋಧಯಂತ್ರಗಳಿಗೆ ಈ ಬುದ್ಧಿ ತಡವಾಗಿ ಬಂತು. ಪುಟದ ಬರಹವನ್ನೂ ಅದಕ್ಕೆ ಬೇರೆಯವರು ಕೊಟ್ಟ ಕೊಂಡಿಗಳನ್ನೂ ತೂಗುವ ಗೂಗಲ್, ಕೀವರ್ಡ್ಸ್ ಟ್ಯಾಗನ್ನು ತಾನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು 2009ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿತು. ಆದರೂ ನಮ್ಮಲ್ಲಿ ಈಗಲೂ ಅದನ್ನು ಶ್ರದ್ಧೆಯಿಂದ ತುಂಬುವವರಿದ್ದಾರೆ.

ಕನ್ನಡಿಗರಿಗೆ ನಿಜವಾಗಿ ಬೇಕಾದ ಟ್ಯಾಗ್ ಬೇರೆ: ಪುಟದ ಅಕ್ಷರಗಳು ಯಾವ ಸಂಕೇತಪದ್ಧತಿಯಲ್ಲಿವೆ ಎಂದು ಬ್ರೌಸರಿಗೆ ತಿಳಿಸುವ ಚಾರ್‌ಸೆಟ್. ಹಿಂದೆ ಎಷ್ಟೋ ಕನ್ನಡ ಪುಟಗಳು ಒಳಗೆ ಲ್ಯಾಟಿನ್ ಸಂಕೇತಗಳೇ ಆಗಿದ್ದು, ಫಾಂಟಿನ ವೇಷ ಹಾಕಿಕೊಂಡು ಕನ್ನಡವಾಗುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತಿತ್ತು. ಯುನಿಕೋಡ್ ಬಂದಮೇಲೆ ಅಕ್ಷರಕ್ಕೆ ತನ್ನದೇ ಸಂಖ್ಯೆ ಸಿಕ್ಕಿತು. ಆ ಸಂಖ್ಯೆಯನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 'ಕಾರವಾರ' ಎಂಬ ಪದದಲ್ಲಿ ದೀರ್ಘದ ಚಿಹ್ನೆಗಳೂ ಸೇರಿ 6 ಸಂಕೇತ, ಅಂದರೆ 18 ಬೈಟ್. ಇದು ಯುಟಿಎಫ್-8 ಎಂದು ಯಾರೂ ಹೇಳದಿದ್ದರೆ ಬ್ರೌಸರ್ ಆ ಬೈಟುಗಳನ್ನು ಒಂದೊಂದಾಗಿ ಲ್ಯಾಟಿನ್ ಎಂದು ಓದಿ, ತಲೆಯ ಮೇಲೆ ಗೀಟು ಹೊತ್ತ ವಿಚಿತ್ರ ಅಕ್ಷರಗಳನ್ನು ಸುರಿಯಬಹುದು. ಹೇಳುವುದೂ ಬೇಗ ಆಗಬೇಕು: ಪುಟದ ಮೊದಲ 1024 ಬೈಟುಗಳ ಒಳಗೇ ಚಾರ್‌ಸೆಟ್ ಇರಬೇಕೆಂಬುದು ನಿಯಮ. ಪುಟವನ್ನು ಕಳಿಸುವ ಸರ್ವರ್ ಬೇರೊಂದು ಹೇಳಿದರೆ ಅದರ ಮಾತೇ ನಡೆಯುತ್ತದೆ ಎಂಬುದು ಇನ್ನೊಂದು ತಲೆನೋವು.

ಉಳಿದವು ಮೊಬೈಲ್ ಕಾಲದವು. ಪುಟವನ್ನು ಮೊಬೈಲ್ ಪರದೆಯ ಅಗಲಕ್ಕೆ ಹೊಂದಿಸುವ, 2007ರ ಐಫೋನ್ ಜೊತೆ ಬಂದ ವ್ಯೂಪೋರ್ಟ್ ಟ್ಯಾಗ್ ಇಲ್ಲದಿದ್ದರೆ ಪುಟ ಇರುವೆ ಗಾತ್ರಕ್ಕೆ ಕುಗ್ಗುತ್ತದೆ. ಯಕ್ಷಗಾನ ಪ್ರದರ್ಶನದ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಚಿತ್ರವೂ ತಲೆಬರಹವೂ ಮೂಡುವುದು ಫೇಸ್‌ಬುಕ್ 2010ರಲ್ಲಿ ತಂದ ಓಪನ್ ಗ್ರಾಫ್ ಟ್ಯಾಗ್‌ಗಳಿಂದ.

ವಸತಿಗೃಹದ ಕೀವರ್ಡ್ಸ್ ಅಳಿಸಿದೆ. ಹುಡುಕಿದವರಿಗೆ ಕೊಂಡಿಯ ಕೆಳಗೆ ಕಾಣಬಹುದಾದ ಡಿಸ್ಕ್ರಿಪ್ಷನ್ ಟ್ಯಾಗ್‌ನಲ್ಲಿ ಕಾಳಿ ನದಿ, ಟಾಗೋರ್ ಕಡಲತೀರ ಎಂದೆಲ್ಲ ಬರೆದೆ. ಮಾಲೀಕರು ಓದಿ, "ಗೋವಾ ಒಂದು ಸಲವಾದರೂ ಇರಲಿ ಮಾರಾಯರೇ" ಎಂದರು. 'ಗೋವಾ ಗಡಿಗೆ ಸಮೀಪ' ಎಂದು ಸೇರಿಸಿ ಕೊಟ್ಟೆ.